ಹುಳಿಯ ಕಾವಲಿನಲ್ಲಿ ಹೂವು

ನಮ್ಮವರು ಉಪ್ಪಿಗೆ ಹಾಕದೆ ಬಿಟ್ಟ ವಸ್ತು ಕಡಿಮೆ. ಮಾವಿನ ಮಿಡಿ, ಅಮಟೆ, ಹೇರಳೆ, ಕವಳಿ, ಬಿಂಬುಳಿ, ನೆಲ್ಲಿಗಳ ಮಾತಿರಲಿ, ಮಾಗಳಿ ಬೇರನ್ನೂ ಕಳಲೆಯನ್ನೂ ಭರಣಿಗೆ ಇಳಿಸಿದ್ದಾರೆ. ಹೂವೇನು ಅಡುಗೆಮನೆಗೆ ಹೊರಗಿನದಲ್ಲ. ದಾಸವಾಳಕ್ಕೂ ಕೇಪಳಕ್ಕೂ ತಂಬುಳಿ ಇದೆ, ಬಾಳೆಹೂವಿಗೆ ಪಲ್ಯ ಇದೆ, ಕುಂಬಳದ ಹೂವಿಗೆ ಬಜ್ಜಿ ಇದೆ, ಯುಗಾದಿಯ ದಿನ ಬೇವಿನ ಹೂವಿಲ್ಲದೆ ನಡೆಯುವುದಿಲ್ಲ. ಇಷ್ಟೆಲ್ಲ ಇದ್ದೂ ಉಪ್ಪಿನಕಾಯಿಯ ಜಾಡಿಯಲ್ಲಿ ಹೂವು ಕಾಣುವುದು ಬಹಳ ಅಪರೂಪ. ಹಣ್ಣು ಹೂವಿನಿಂದಲೇ ಆದದ್ದು. ಹೂವಿನ ಅಂಡಾಶಯವೇ ಬಲಿತು ಮಿಡಿ, ಕಾಯಿ, ಹಣ್ಣು. ಒಂದೇ ಮನೆಯ ಎರಡು ವಸ್ತುಗಳಲ್ಲಿ ಒಂದು ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಎರಡು ದಿನದಲ್ಲಿ ಲೋಳೆಯಾಗುತ್ತದೆ. ಇದರ ಕಾರಣ ರುಚಿಯಲ್ಲಿಲ್ಲ, ರಚನೆಯಲ್ಲಿದೆ.

ಮೊದಲು ಮಿಡಿಯನ್ನೇ ನೋಡೋಣ. ಸಾಗರ, ಸಿರ್ಸಿ, ರಿಪ್ಪನ್‌ಪೇಟೆಯ ಕಡೆ ಅಪ್ಪೆಮಿಡಿ ಕೊಯ್ಯುವವರು ತೊಟ್ಟು ಉಳಿಸಿಕೊಂಡೇ ಕೊಯ್ಯುತ್ತಾರೆ; ನೆಲಕ್ಕೆ ಬಿದ್ದ ಮಿಡಿಗೆ ಬೆಲೆಯಿಲ್ಲ. ತೊಟ್ಟು ಕಿತ್ತುಹೋದರೆ ಅಲ್ಲಿಂದ ಸೊನೆ ಚಿಮ್ಮಿ ಹೋಗುತ್ತದೆ, ಸೊನೆಯ ಜೊತೆಗೆ ಪರಿಮಳವೂ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು ಮಾವಿನ ಸೊನೆಯನ್ನು ಬಿಡಿಸಿ ನೋಡಿದ್ದಾರೆ. ಅದರ ಎಣ್ಣೆಯಂಥ ಭಾಗದಲ್ಲಿ ಇರುವುದು ಮಿರ್ಸಿನ್, ಒಸಿಮಿನ್, ಲಿಮೊನೀನ್ ಮೊದಲಾದ ಟರ್ಪೀನ್‌ಗಳು. ತಳಿ ಬದಲಾದರೆ ಇವುಗಳ ಪ್ರಮಾಣವೂ ಬದಲಾಗುತ್ತದೆ. ಜೀರಿಗೆ ಮಿಡಿಗೆ ಜೀರಿಗೆಯ ವಾಸನೆ, ಇನ್ನೊಂದಕ್ಕೆ ಕರ್ಪೂರದ ವಾಸನೆ ಎಂದು ಮಲೆನಾಡಿನವರು ಮೂಗಿನಿಂದಲೇ ಮಾಡಿಕೊಂಡ ವಿಂಗಡಣೆಯ ಹಿಂದೆ ಈ ರಸಾಯನವಿದೆ.

ಮಿಡಿಯನ್ನು ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿದರೆ ಕೆಲವು ದಿನಗಳಲ್ಲಿ ಅದು ಚಿರುಟುತ್ತದೆ. ಹೊರಗಿನಿಂದ ಒಂದು ತೊಟ್ಟೂ ನೀರು ಹಾಕದಿದ್ದರೂ ಜಾಡಿ ನೀರಾಡುತ್ತದೆ. ಜೀವಕೋಶದ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಉಪ್ಪು ಹೆಚ್ಚಿರುವ ಕಡೆಗೆ ಒಳಗಿನ ನೀರು ಹರಿದು ಬರುತ್ತದೆ. ಇದು ಶಾಲೆಯಲ್ಲಿ ಓದಿದ ಅಭಿಸರಣೆ. ಮಿಡಿಗೆ ಆದದ್ದೇ ಅದರ ಮೈಮೇಲಿನ ಬ್ಯಾಕ್ಟೀರಿಯಾಕ್ಕೂ ಆಗುತ್ತದೆ. ಉಪ್ಪು ನೂರಕ್ಕೆ ಎರಡು-ಮೂರರಷ್ಟಿದ್ದರೆ ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬೆಳೆದು ಉಳಿದವರನ್ನು ಹೊರಗಟ್ಟುತ್ತವೆ. ನೂರಕ್ಕೆ ಹದಿನೈದು-ಇಪ್ಪತ್ತಕ್ಕೆ ಏರಿದರೆ ಅವೂ ಕೈಚೆಲ್ಲುತ್ತವೆ. ನೀರಿನಲ್ಲಿ ಉಪ್ಪು ಕರಗಬಹುದಾದ ಮಿತಿಯೇ ನೂರಕ್ಕೆ ಸುಮಾರು 26. ನಮ್ಮ ಹಳೆಯ ಕಾಲದ ಮಿಡಿ ಉಪ್ಪಿನಕಾಯಿ ಈ ಮಿತಿಯ ಕಡೆಗೇ ವಾಲುತ್ತದೆ. ವೈದ್ಯರು ಮುಖ ಕಿವುಚಿದರೂ ಅದರ ಆಯುಷ್ಯದ ಗುಟ್ಟು ಅಲ್ಲಿಯೇ ಇದೆ.

ಉಪ್ಪಿನ ಜೊತೆಗೆ ದುಡಿಯುವ ಇನ್ನೊಂದು ಎಂದರೆ ಹುಳಿ. ಹುಳಿಯನ್ನು ಅಳೆಯುವ ಪಿಎಚ್‌ನಲ್ಲಿ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6 ಎಂಬ ಅಂಕಿಯನ್ನು ಮನೆಯಲ್ಲಿ ಏನನ್ನಾದರೂ ಜಾಡಿಗೆ ತುಂಬುವವರು ನೆನಪಿಡಬೇಕು. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಗಾಳಿಯಾಡದ ಜಾಗ ಸಿಕ್ಕರೆ ಮೊಳೆತು, ನರಗಳನ್ನೇ ಸ್ತಬ್ಧಗೊಳಿಸುವ ವಿಷ ಉಗುಳುತ್ತವೆ. ಪಿಎಚ್ 4.6ಕ್ಕಿಂತ ಕೆಳಗೆ ಅವು ಬೆಳೆಯಲಾರವು. ಮೇಲೆ ನಿಲ್ಲುವ ಎಣ್ಣೆ ಬೂಷ್ಟನ್ನು ತಡೆಯುತ್ತದೆ, ನಿಜ. ಆದರೆ ಗಾಳಿ ಬೇಡದ ಈ ಜೀವಿಗೆ ಎಣ್ಣೆಯ ಮುಚ್ಚಳ ಅನುಕೂಲವೇ. ಮಾವಿನ ಮಿಡಿ, ನಿಂಬೆ, ನೆಲ್ಲಿ, ಬಿಂಬುಳಿ ಇವೆಲ್ಲ ಈ ಗೆರೆಗಿಂತ ಬಹಳ ಕೆಳಗಿರುವುದರಿಂದ ನಮ್ಮ ಅಜ್ಜಿಯಂದಿರಿಗೆ ಪಿಎಚ್ ಎಂಬ ಮಾತೇ ಬೇಕಾಗಲಿಲ್ಲ.

ಇನ್ನು ಎಸಳು. ಅದು ಜೀವಕೋಶಗಳ ತೆಳ್ಳನೆಯ ಕೆಲವೇ ಪದರ. ಬಣ್ಣವಿರುವುದು ಮೇಲ್ಪದರದ ಕೋಶಗಳೊಳಗಿನ ರಸದಲ್ಲಿ. ಮಿಡಿಯಂತೆ ಗಟ್ಟಿ ಸಿಪ್ಪೆಯಿಲ್ಲ, ನಾರಿಲ್ಲ, ಕೋಶಗಳನ್ನು ಬೆಸೆದಿಡುವ ಪೆಕ್ಟಿನ್‌ನ ಸಂಗ್ರಹ ಕಡಿಮೆ, ಹುಳಿಯಂತೂ ಹೇಳಿಕೊಳ್ಳುವಷ್ಟಿಲ್ಲ. ಗಿಡದ ದೃಷ್ಟಿಯಿಂದ ಎಸಳು ಒಂದೆರಡು ದಿನದ ಜಾಹೀರಾತು. ದುಂಬಿ ಬಂದು ಹೋದ ಮೇಲೆ ಅದನ್ನು ಕಾಪಾಡಲು ಖರ್ಚು ಮಾಡುವುದು ದಂಡ. ಬೆಳಗ್ಗೆ ಅರಳಿದ ದಾಸವಾಳ ಸಂಜೆಗೆ ಮುದುಡುವುದು ಗಿಡದ ಲೆಕ್ಕಾಚಾರ. ಅಂಥ ಎಸಳನ್ನು ಬರೀ ಉಪ್ಪಿಗೆ ಹಾಕಿದರೆ ನೀರು ಹೊರಟುಹೋಗಿ ಉಳಿಯುವುದು ಒದ್ದೆ ಕಾಗದ.

ಸಾಲದ್ದಕ್ಕೆ ಹೂವು ಒಂಟಿಯಾಗಿ ಬರುವುದಿಲ್ಲ. ಮಕರಂದದ ಸಕ್ಕರೆಯಲ್ಲಿ ಮೆಟ್ಸ್‌ನಿಕೋವಿಯಾ ಎಂಬ ಯೀಸ್ಟ್ ವಾಸ ಹೂಡಿರುತ್ತದೆ. ಜೇನ್ನೊಣಗಳೇ ಅದನ್ನು ಹೂವಿಂದ ಹೂವಿಗೆ ಸಾಗಿಸುತ್ತವೆ. ಶಿಲೀಂಧ್ರಗಳೂ ಇರುತ್ತವೆ. ಇದು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಅಮೆರಿಕದ ಸೌತೆ ಉಪ್ಪಿನಕಾಯಿ ಉದ್ಯಮ ಕಲಿತದ್ದು 1950ರ ದಶಕದಲ್ಲಿ. ದೊಡ್ಡ ತೊಟ್ಟಿಗಳಲ್ಲಿ ಉಪ್ಪುನೀರಿಗೆ ಬಿಟ್ಟ ಎಳೆಸೌತೆ ಕೆಲವೊಮ್ಮೆ ಮೆತ್ತಗಾಗಿ ಕೆಡುತ್ತಿತ್ತು. ಉತ್ತರ ಕೆರೊಲಿನಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಎಚೆಲ್ಸ್, ಥಾಮಸ್ ಬೆಲ್ ಮತ್ತು ಅವರ ಸಂಗಡಿಗರು ಕಳ್ಳನನ್ನು ಹುಡುಕುತ್ತ ಹೋಗಿ ತಲುಪಿದ್ದು ಸೌತೆಯ ತುದಿಗೆ. ಅಲ್ಲಿ ಬಾಡಿ ಅಂಟಿಕೊಂಡಿದ್ದ ಹೂವಿನಲ್ಲಿ ಶಿಲೀಂಧ್ರಗಳು ಬೆಳೆದಿದ್ದವು. ಅವು ಸ್ರವಿಸಿದ ಕಿಣ್ವಗಳು ಉಪ್ಪುನೀರಿಗೆ ಇಳಿದು, ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ನನ್ನು ಕತ್ತರಿಸುತ್ತಿದ್ದವು. ಶಿಲೀಂಧ್ರ ಸತ್ತರೂ ಕಿಣ್ವ ಸಾಯುವುದಿಲ್ಲ. ಸೌತೆಯನ್ನು ಉಪ್ಪಿಗೆ ಹಾಕುವ ಮುಂಚೆ ಹೂವಿನ ತುದಿಯನ್ನು ತೆಳ್ಳಗೆ ಕೊಯ್ದು ಬಿಸಾಡಿ ಎಂದು ಅಲ್ಲಿನ ಮನೆಬಳಕೆಯ ಕೈಪಿಡಿಗಳು ಇವತ್ತಿಗೂ ಹೇಳುವುದು ಇದೇ ಕಾರಣಕ್ಕೆ. ಈ ಪಾಠ ನಮಗೂ ದೂರದ್ದಲ್ಲ. ಬಾಟಲಿಗಳಲ್ಲಿ, ಪೀಪಾಯಿಗಳಲ್ಲಿ ತುಂಬಿ ಹೊರದೇಶಕ್ಕೆ ಹೋಗುವ ಮಿಡಿಸೌತೆಯ ಬೇಸಾಯ ಭಾರತದಲ್ಲಿ ಬೇರೂರಿದ್ದು 1990ರ ದಶಕದಲ್ಲಿ, ಕರ್ನಾಟಕದ ಸಣ್ಣ ರೈತರ ಹೊಲಗಳಲ್ಲಿ.

ಹಾಗಾದರೆ ಹೂವನ್ನು ಉಪ್ಪಿನಕಾಯಿ ಮಾಡಿದವರೇ ಇಲ್ಲವೇ? ಇದ್ದಾರೆ, ಮತ್ತು ಅವರು ಕಂಡುಕೊಂಡ ಉಪಾಯವನ್ನು ನಾನು ತಲೆದೂಗಿ ಒಪ್ಪುತ್ತೇನೆ. ಜಪಾನಿನಲ್ಲಿ ಉಮೆ ಎಂಬ ಹುಳಿ ಹಣ್ಣನ್ನು, ಪ್ಲಮ್ ಮತ್ತು ಜರದಾಳುವಿನ ಹತ್ತಿರದ ನೆಂಟನನ್ನು, ಜೂನ್ ತಿಂಗಳ ಮಳೆಯ ದಿನಗಳಲ್ಲಿ ತೂಕದ ಐದನೇ ಒಂದು ಭಾಗದಷ್ಟು ಉಪ್ಪಿನಲ್ಲಿ ಒತ್ತಿಡುತ್ತಾರೆ. ಮೇಲೆ ಭಾರ ಹೇರಿದರೆ ಹಣ್ಣು ರಸ ಬಿಟ್ಟು ಅದರಲ್ಲೇ ಮುಳುಗುತ್ತದೆ. ಮಳೆ ಬಿಟ್ಟ ಮೇಲೆ ಹಣ್ಣನ್ನು ತೆಗೆದು ಬಿಸಿಲಿಗೆ ಹರವಿದರೆ ಅದು ಉಮೆಬೊಶಿ. ಹಿಂದೆ ಉಳಿದ, ಸಿಟ್ರಿಕ್ ಆಮ್ಲದಿಂದ ತುಂಬಿದ, ನಿಂಬೆರಸದಷ್ಟೇ ಹುಳಿಯಾದ ಉಪ್ಪುನೀರು ಉಮೆಜು. ಅದನ್ನು ಚೆಲ್ಲುವುದಿಲ್ಲ. ಮರುವರ್ಷ ವಸಂತದಲ್ಲಿ ಚೆರ್ರಿ ಹೂವು ಅರಳುವವರೆಗೆ ತೆಗೆದಿಡಬಹುದು.

ಉಪ್ಪಿಗೆ ಹಾಕುವ ಚೆರ್ರಿ ಹೂವು ಚಿತ್ರಗಳಲ್ಲಿ ನಾವು ನೋಡುವ ಐದೆಸಳಿನ ಬಿಳಿ ಹೂವಲ್ಲ. ಕಾನ್ಜಾನ್ ಎಂಬ ತಳಿಯ, ದಟ್ಟ ಗುಲಾಬಿ ಬಣ್ಣದ, ಪದರ ಪದರ ಎಸಳಿನ ಹೂವು. ಟೋಕಿಯೊಗೆ ಪಶ್ಚಿಮದಲ್ಲಿರುವ ಹದಾನೊ ಊರು ಇದಕ್ಕೆ ಹೆಸರುವಾಸಿ. ಹೂವು ಪೂರ್ತಿ ಅರಳುವ ಮುಂಚೆ ತೊಟ್ಟಿನ ಸಮೇತ ಕೊಯ್ದು, ಉಪ್ಪಿನಲ್ಲಿ ಒತ್ತಿ, ಬಸಿದು, ಉಮೆಜುವಿನಲ್ಲಿ ನೆನೆಸಿ, ನೆರಳಿನಲ್ಲಿ ಆರಿಸಿ, ಮತ್ತೆ ಉಪ್ಪು ಬೆರೆಸಿ ಎತ್ತಿಡುತ್ತಾರೆ. ಈ ತಳಿಯಲ್ಲಿ ಹೂವಿನ ಒಳ ಅಂಗಗಳೇ ಎಸಳಾಗಿ, ಎಲೆಯಂತಾಗಿ ಮಾರ್ಪಟ್ಟಿರುವುದರಿಂದ ಅದು ಹಣ್ಣು ಬಿಡುವುದಿಲ್ಲವೆಂದೇ ಹೇಳಬಹುದು. ತನ್ನದೇ ಹಣ್ಣು ಕಾಣದ ಹೂವನ್ನು ಬೇರೊಂದು ಮರದ ಹಣ್ಣಿನ ಹುಳಿ ಕಾಯುತ್ತದೆ. ಮದುವೆಯ ದಿನ ಬಿಸಿನೀರಿನ ಬಟ್ಟಲಿಗೆ ಇಂಥ ಒಂದು ಹೂವನ್ನು ಬಿಟ್ಟರೆ ಅದು ನಿಧಾನವಾಗಿ ಮತ್ತೆ ಅರಳುತ್ತದೆ; ಅದೇ ಸಕುರಾಯು.

ಇಲ್ಲಿ ಇನ್ನೊಂದು ಸೊಗಸಿದೆ. ಮರದ ಮೇಲಿನ ಚೆರ್ರಿ ಹೂವಿಗೆ ಗಂಧ ಬಹಳ ಕಡಿಮೆ. ಉಪ್ಪಿಗೆ ಬಿದ್ದ ಮೇಲೆ ಅದಕ್ಕೆ ಹೊಸದಾಗಿ ಒಣಹುಲ್ಲಿನಂಥ, ಬಾದಾಮಿಯಂಥ ಸಿಹಿ ವಾಸನೆ ಹುಟ್ಟುತ್ತದೆ. ಇದು ಕೂಮರಿನ್. ಜೀವಂತ ಕೋಶದಲ್ಲಿ ಇದರ ಮೂಲವಸ್ತು ಸಕ್ಕರೆಗೆ ಕಟ್ಟಿಕೊಂಡು ಒಂದು ಕೋಣೆಯಲ್ಲಿರುತ್ತದೆ, ಆ ಕಟ್ಟು ಬಿಚ್ಚುವ ಕಿಣ್ವ ಇನ್ನೊಂದು ಕೋಣೆಯಲ್ಲಿರುತ್ತದೆ. ಉಪ್ಪು ಗೋಡೆ ಒಡೆದಾಗ ಎರಡೂ ಸೇರುತ್ತವೆ. ಮೆಡಿಟರೇನಿಯನ್ ತೀರದ ಕೇಪರ್ ಮೊಗ್ಗಿನ ಕತೆಯೂ ಇದೇ. ಇಟಲಿಯ ಪ್ಯಾಂಟೆಲೇರಿಯಾ ದ್ವೀಪದಲ್ಲಿ ಉಪ್ಪಿಗೆ ಬೀಳುವ ಆ ಮೊಗ್ಗಿನ ಖಾರ, ಕೋಶ ಒಡೆದಾಗ ಹುಟ್ಟುವ ಸಾಸಿವೆ ಜಾತಿಯ ರಾಸಾಯನಿಕದ್ದು. ನಮ್ಮ ಉಪ್ಪಿನಕಾಯಿಗೆ ಅರೆದ ಸಾಸಿವೆಯ ಘಾಟು ಬರುವುದೂ ಹೀಗೆಯೇ. ಇಡೀ ಸಾಸಿವೆ ಎಷ್ಟು ಮೂಸಿದರೂ ಮೂಗು ಹತ್ತುವುದಿಲ್ಲ. ಅಂತೂ ಉಪ್ಪು ಹೂವಿನ ಆಕಾರವನ್ನು ಕೆಡಿಸಿದರೂ ಅದರೊಳಗೆ ಬೀಗ ಹಾಕಿದ್ದನ್ನು ಬಿಚ್ಚಬಲ್ಲದು.

ಇನ್ನು ಬಣ್ಣ. ಇದರ ವಿಜ್ಞಾನ ಶುರುವಾದದ್ದೂ ಹೂವಿನ ಪಾಕದಿಂದ. 1664ರಲ್ಲಿ ರಾಬರ್ಟ್ ಬಾಯ್ಲ್ ಬಣ್ಣಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಪ್ರಯೋಗವಿದೆ. ಆ ಕಾಲದ ಇಂಗ್ಲೆಂಡಿನಲ್ಲಿ ಔಷಧಿಗೆಂದು ಕಾಯಿಸಿಡುತ್ತಿದ್ದ ವಯೊಲೆಟ್ ಹೂವಿನ ನೀಲಿ ಪಾಕವನ್ನು ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿ, ಅದರ ಮೇಲೆ ಆಮ್ಲ ಬಿಟ್ಟರೆ ಕೆಂಪು, ಕ್ಷಾರ ಬಿಟ್ಟರೆ ಹಸಿರು. ಆಮ್ಲ ಯಾವುದು, ಕ್ಷಾರ ಯಾವುದು ಎಂದು ಬಣ್ಣದಿಂದ ಗುರುತಿಸುವ ವಿಧಾನಕ್ಕೆ ಇದು ಬುನಾದಿಯಾಯಿತು. ಏಳನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಮಕ್ಕಳು ದಾಸವಾಳದ ಎಸಳನ್ನು ಬಿಸಿನೀರಿಗೆ ಹಾಕಿ ಮಾಡುತ್ತಿದ್ದುದು ಅದೇ ಪ್ರಯೋಗ.

ವಯೊಲೆಟ್, ದಾಸವಾಳ, ಕೆಂಗುಲಾಬಿ, ಶಂಖಪುಷ್ಪ ಇವೆಲ್ಲದರ ಬಣ್ಣ ಆಂಥೋಸಯನಿನ್ ಎಂಬ ಒಂದೇ ಕುಲದ್ದು. ಸಸ್ಯವರ್ಣಗಳ ಕುರಿತ ಸಂಶೋಧನೆಗೆ 1915ರ ನೊಬೆಲ್ ಪಡೆದ ರಿಚರ್ಡ್ ವಿಲ್‌ಸ್ಟಾಟರ್, ನೀಲಿ ಕಾರ್ನ್‌ಫ್ಲವರ್‌ನಲ್ಲೂ ಕೆಂಪು ಗುಲಾಬಿಯಲ್ಲೂ ಇರುವುದು ಒಂದೇ ವರ್ಣವಸ್ತು ಎಂದು ತೋರಿಸಿ ಎಲ್ಲರನ್ನೂ ಬೆರಗುಗೊಳಿಸಿದರು. ಒಂದರ ರಸ ಆಮ್ಲೀಯ, ಇನ್ನೊಂದರದು ಕ್ಷಾರೀಯ, ಅದಕ್ಕೇ ಬಣ್ಣ ಬೇರೆ ಎಂಬುದು ಅವರ ವಿವರಣೆ. ಅದು ಅರ್ಧಸತ್ಯ. ಕಾರ್ನ್‌ಫ್ಲವರ್‌ನ ನೀಲಿಯಲ್ಲಿ ಕಬ್ಬಿಣ, ಮೆಗ್ನೀಷಿಯಂ, ಕ್ಯಾಲ್ಸಿಯಂಗಳೂ ಕೂಡಿಕೊಂಡಿವೆ ಎಂಬುದರ ಪೂರ್ಣ ಚಿತ್ರ ಜಪಾನಿನ ವಿಜ್ಞಾನಿಗಳಿಂದ ಸಿಕ್ಕಿದ್ದು 2005ರಲ್ಲಿ. ಆದರೆ ಜಾಡಿಯೊಳಗಿನ ಮಟ್ಟಿಗೆ ವಿಲ್‌ಸ್ಟಾಟರ್ ಮಾತು ಸಾಕು. ಪಿಎಚ್ 3ರ ಕೆಳಗೆ ಆಂಥೋಸಯನಿನ್ ಕಡುಕೆಂಪು. 4ರಿಂದ 6ರ ನಡುವೆ ಅದರ ಅಣು ನೀರನ್ನು ಹಿಡಿದುಕೊಂಡು ಬಹುಪಾಲು ಬಣ್ಣ ಕಳೆದುಕೊಳ್ಳುತ್ತದೆ. ದಾಸವಾಳವನ್ನು ನೀರಿಗೆ ಹಾಕಿದಾಗ ಮಂಕಾಗಿದ್ದ ಶರಬತ್ತು ನಿಂಬೆ ಹಿಂಡಿದೊಡನೆ ಕೆಂಪೇರುವುದಕ್ಕೆ ಇದೇ ಕಾರಣ. ಕ್ರಿಮಿಯನ್ನು ದೂರವಿಡುವ ಹುಳಿಯೇ ಬಣ್ಣವನ್ನೂ ಹಿಡಿದಿಡುತ್ತದೆ.

ಹೂವಿಗೆ ಹೊರಗಿನ ಹುಳಿಯ ಕಾವಲು ಬೇಕೆಂಬುದಕ್ಕೆ ಒಂದು ಅಪವಾದ ನಮ್ಮಲ್ಲೇ ಇದೆ. ದಾಸವಾಳದ ದಾಯಾದಿ ಪುಂಡಿ. ಉತ್ತರ ಕರ್ನಾಟಕದವರು ಅದರ ಸೊಪ್ಪನ್ನು ಪಲ್ಯಕ್ಕೆ ಬಳಸುತ್ತಾರೆ. ಅದರ ಕೆಂಪು ತಳಿಯಲ್ಲಿ ಹೂವು ಉದುರಿದ ಮೇಲೂ ಪುಷ್ಪಪಾತ್ರೆ ಉಳಿದು, ದಪ್ಪಗಾಗಿ, ಬೀಜದ ಕಾಯಿಯನ್ನು ಸುತ್ತುವರಿದು ನಿಲ್ಲುತ್ತದೆ. ಅದರಲ್ಲಿ ಹುಳಿಯೂ ಇದೆ, ಬಣ್ಣವೂ ಇದೆ, ಪೆಕ್ಟಿನ್ನೂ ಇದೆ. ಹೂವಿನ ಅಂಗವಾಗಿ ಹಣ್ಣಿನ ಗುಣ ಪಡೆದ ಇದಕ್ಕೆ ಯಾರ ಕಾವಲೂ ಬೇಡ. ಉಪ್ಪು ಖಾರ ಸೇರಿಸಿ ಅರೆದರೆ ಚಟ್ನಿ, ಸಕ್ಕರೆ ಸೇರಿಸಿ ಕುದಿಸಿದರೆ ಜಾಮ್.

ಹೂವನ್ನು ಹುಳಿ ಹಣ್ಣಿನ ಜೊತೆ ಜಾಡಿಗೆ ಹಾಕಿ ಮನೆಯಲ್ಲಿ ಮಾಡಿ ನೋಡುವವರು ಅನಾನಸಿನಿಂದ ಶುರುಮಾಡಲಿ. ಅದರ ಪಿಎಚ್ 3.2ರಿಂದ 4, ತಿರುಳು ಗಟ್ಟಿ, ಸ್ವಂತ ಬಣ್ಣ ಹಗುರ. ಅರ್ಧ ಕಿಲೊ ಹೋಳಿಗೆ 200 ಮಿಲಿಲೀಟರ್ ವಿನೆಗರ್ (ಚೀಟಿಯ ಮೇಲೆ ಅಸಿಟಿಕ್ ಆಮ್ಲ ನೂರಕ್ಕೆ 4 ಅಥವಾ 5 ಎಂದಿರಬೇಕು), 150 ಮಿಲಿಲೀಟರ್ ನೀರು, 100 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು, ಸೀಳಿದ ಎರಡು ಹಸಿಮೆಣಸು, ಒಂದಿಷ್ಟು ಕಾಳುಮೆಣಸು. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂಗೂ ಹುಳಿಗೂ ಆಗಿಬರುವುದಿಲ್ಲ. ಹೋಳು, ಹೂವು ಬಿಟ್ಟು ಉಳಿದದ್ದನ್ನೆಲ್ಲ ಒಂದು ಕುದಿ ಬರಿಸಿ ಉಗುರುಬೆಚ್ಚಗಾಗಲು ಬಿಡಿ. ಏಳೆಂಟು ಕೆಂಪು ದಾಸವಾಳದ ಎಸಳನ್ನಷ್ಟೇ ಬಿಡಿಸಿಕೊಳ್ಳಿ. ಹಸಿರು ಬುಡ, ನಡುವಿನ ಕಡ್ಡಿ, ಪರಾಗ ಎಲ್ಲ ಹೊರಗೆ. ಎಚೆಲ್ಸ್ ಹುಡುಕಿದ ಕಳ್ಳರು ಅಡಗುವುದು ಅಂಥ ಸಂದುಗಳಲ್ಲೇ. ತೊಳೆದು, ಬಟ್ಟೆಯ ಮೇಲೆ ಆರಿಸಿ, ಕುದಿನೀರಿನಲ್ಲಿ ತೊಳೆದ ಗಾಜಿನ ಜಾಡಿಯಲ್ಲಿ ಹೋಳಿನ ನಡುನಡುವೆ ಹರಡಿ, ಮೇಲೆ ದ್ರವ ಸುರಿಯಿರಿ. ಎಸಳು ತೇಲಬಾರದು. ಅರ್ಧ ಗಂಟೆಯೊಳಗೆ ಎಸಳು ಬಿಳಿಚಿ ದ್ರವ ಕೆಂಪಾಗುವುದನ್ನು ಮಕ್ಕಳಿಗೆ ತೋರಿಸಬಹುದು. ಜಾಡಿ ಫ್ರಿಜ್ಜಿನಲ್ಲಿರಲಿ, ಎರಡು ವಾರದೊಳಗೆ ಮುಗಿಯಲಿ. ಇದು ಅಪ್ಪೆಮಿಡಿಯಂತೆ ವರ್ಷ ಬಾಳುವ ವಸ್ತುವಲ್ಲ. ಪಪ್ಪಾಯಿ, ಕಲ್ಲಂಗಡಿಗಳ ಪಿಎಚ್ 5ರ ಮೇಲಿರುವುದರಿಂದ ಅವುಗಳಿಗೆ ನೀರು ಬೆರೆಸದೆ ಬರೀ ವಿನೆಗರ್ ಬಳಸುವುದು ಮೇಲು.

ವಾಸನೆಯ ವಿಷಯದಲ್ಲಿ ಹುಳಿ ಅಷ್ಟು ಉದಾರಿಯಲ್ಲ. ನಾಟಿ ಗುಲಾಬಿಯ ಗಂಧದಲ್ಲಿ ಫಿನೈಲ್ ಈಥೈಲ್ ಆಲ್ಕೊಹಾಲ್ ಮುಖ್ಯ. ಅದು ನೀರಿನಲ್ಲಿ ಕರಗುತ್ತದೆ, ಪನ್ನೀರಿನ ಪರಿಮಳ ಅದರದ್ದೇ. ಹಾಗಾಗಿ ಗುಲಾಬಿ ಪಾಕಕ್ಕೆ ಗಂಧ ಬಿಟ್ಟುಕೊಡುತ್ತದೆ, ಆದರೆ ವಿನೆಗರಿನ ಘಾಟು ಅದನ್ನು ಮುಚ್ಚಿಹಾಕುತ್ತದೆ. ಗುಲಾಬಿಗೆ ನಿಂಬೆ ಅಥವಾ ಬಿಂಬುಳಿಯ ರಸವೇ ಸರಿಯಾದ ಜೋಡಿ ಎಂಬುದು ನನ್ನ ನಾಲಿಗೆಯ ತೀರ್ಮಾನ. ಗುಲ್ಕಂದ್ ಮಾಡುವವರು ಹುಳಿಯ ಗೋಜಿಗೇ ಹೋಗದೆ ಸಕ್ಕರೆಯಿಂದ ಉಪ್ಪಿನ ಕೆಲಸ ಮಾಡಿಸಿಕೊಳ್ಳುತ್ತಾರೆ. ಮಲ್ಲಿಗೆಯದು ಬೇರೆಯೇ ಸ್ವಭಾವ. ಕೊಯ್ದ ಮೇಲೂ ಅದರ ಮೊಗ್ಗು ಗಂಟೆಗಟ್ಟಲೆ ಗಂಧವನ್ನು ಹೊಸದಾಗಿ ತಯಾರಿಸುತ್ತಲೇ ಇರುತ್ತದೆ. ಬಿಸಿ ಹುಳಿಗೆ ಹಾಕಿದರೆ ಕೋಶ ಸತ್ತು ಕಾರ್ಖಾನೆ ನಿಂತುಹೋಗುತ್ತದೆ. ಸಂಜೆ ಬಿರಿಯುವ ಮೊಗ್ಗನ್ನು ಸಕ್ಕರೆಯ ಡಬ್ಬಿಯಲ್ಲಿ ಬಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಹೂವು ತೆಗೆದು ಆ ಸಕ್ಕರೆಯನ್ನು ಪಾಕಕ್ಕೆ ಬಳಸುವುದು ಜಾಣತನ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಉಪ್ಪು, ಹುಳಿ, ಸಕ್ಕರೆ ಕ್ರಿಮಿಯನ್ನು ತಡೆಯುತ್ತವೆಯೇ ಹೊರತು ಗಿಡದ ವಿಷವನ್ನು ತೆಗೆಯುವುದಿಲ್ಲ. ಕಣಗಿಲೆ, ಹಳದಿ ಕಣಗಿಲೆಗಳಲ್ಲಿರುವುದು ಹೃದಯದ ಬಡಿತವನ್ನೇ ತಪ್ಪಿಸುವ ಗ್ಲೈಕೊಸೈಡ್‌ಗಳು, ಗೌರಿಹೂವಿನಲ್ಲಿ ಕಾಲ್ಚಿಸಿನ್, ದತ್ತೂರಿಯಲ್ಲಿ ಅಟ್ರೊಪಿನ್, ಸ್ಕೊಪೊಲಮಿನ್. ದೇವರಿಗೆ ಏರುವ ಹೂವೆಲ್ಲ ತಿನ್ನುವ ಹೂವಲ್ಲ. ಪಾಲಿಹೌಸಿನ ಗುಲಾಬಿಯೂ ಬೇಡ. ಹೂಗುಚ್ಛಕ್ಕೆಂದು ಬೆಳೆದ ಹೂವಿಗೆ ಹೊಡೆಯುವ ಕೀಟನಾಶಕವನ್ನು ಹೊಟ್ಟೆಯ ಲೆಕ್ಕ ಇಟ್ಟು ಹೊಡೆದಿರುವುದಿಲ್ಲ. ಹಿತ್ತಲಿನ ಗಿಡ ಅಥವಾ ಬೆಳೆದವರು ಗೊತ್ತಿರುವ ತೋಟ, ಎರಡರಲ್ಲೊಂದು ಇರಬೇಕು.

ಹುಳಿ ಹೆಚ್ಚಿದಷ್ಟೂ ಬಣ್ಣ ಭದ್ರ ಎಂದುಕೊಂಡು ದಾಸವಾಳವನ್ನು ನೆಲ್ಲಿಕಾಯಿಯ ಜೊತೆ ಹಾಕಿದವರಿಗೆ ಮಾತ್ರ ಒಂದು ಅಚ್ಚರಿ ಕಾದಿರುತ್ತದೆ. ಮೊದಲ ದಿನ ಕೆಂಪು ಸೊಗಸಾಗಿ ಏರುತ್ತದೆ. ಆಮೇಲೆ ದಿನದಿನಕ್ಕೆ ಕಂದುತ್ತ ಹಳದಿ-ಕಂದು ನೀರಾಗುತ್ತದೆ. ಪಿಎಚ್ ಬದಲಾಗಿರುವುದಿಲ್ಲ. ಕೆಲಸ ಕೆಡಿಸಿದ್ದು ನೆಲ್ಲಿಯಲ್ಲಿ ನಿಂಬೆಗಿಂತ ಹಲವು ಪಟ್ಟು ಇರುವ ವಿಟಮಿನ್ ಸಿ. ಅದು ಜಾಡಿಯೊಳಗಿನ ಆಮ್ಲಜನಕದೊಂದಿಗೆ ಸೇರಿದಾಗ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಬಟ್ಟೆಯ ಕಲೆ ತೆಗೆಯುವ ಆ ವಸ್ತು ಆಂಥೋಸಯನಿನ್‌ನ ಅಣುವನ್ನೇ ಮುರಿಯುತ್ತದೆ. ಉಮೆಬೊಶಿಗೆ ಬಣ್ಣ ಕೊಡಲು ಜಪಾನೀಯರು ಹಾಕುವ ಕೆಂಪು ಶಿಸೊ ಎಲೆಯ ಬಣ್ಣವೂ ಆಂಥೋಸಯನಿನ್ನೇ, ಆದರೂ ಅದು ಬಹುಕಾಲ ನಿಲ್ಲುತ್ತದೆ; ಉಮೆಯ ಹುಳಿ ಸಿಟ್ರಿಕ್ ಆಮ್ಲದ್ದು, ಅದರಲ್ಲಿ ವಿಟಮಿನ್ ಸಿ ಕಡಿಮೆ. ನೆಲ್ಲಿಗೆ ಹೂವಿನ ಬಣ್ಣ ಬೇಕೇ ಬೇಕೆನ್ನುವವರು ಜಾಡಿಯನ್ನು ಕಂಠದವರೆಗೆ ತುಂಬಿ ಗಾಳಿಗೆ ಜಾಗ ಬಿಡದೆ, ತಣ್ಣಗಿಟ್ಟು, ನಾಲ್ಕೈದು ದಿನದೊಳಗೆ ಊಟಕ್ಕೆ ಬಡಿಸಿಬಿಡಬೇಕು. ಎಸಳು ತಿಂದು ಮುಗಿದ ಮೇಲೆ ಉಳಿಯುವ ಕೆಂಪು ದ್ರವವನ್ನು ಅದೇ ದಿನ ತಣ್ಣೀರು ಬೆರೆಸಿ ಕುಡಿಯಬಹುದು, ಇಲ್ಲವೇ ಕೋಸಂಬರಿಗೆ ಹಿಂಡುವ ನಿಂಬೆಯ ಬದಲು ಬಳಸಬಹುದು.